ಬಿರುಕಿನ ಪಕ್ಕದ ಪೆನ್ಸಿಲ್ ಗೆರೆಗಳು

ಸಿವಿಲ್ ಎಂಜಿನಿಯರಿಂಗ್ ಮುಗಿಸಿ, ಬ್ರಿಟನ್ನಿನಲ್ಲಿ ಬಿಲ್ಡಿಂಗ್ ಸರ್ವೇಯಿಂಗ್ ಸ್ನಾತಕೋತ್ತರ ಪದವಿ ಓದಬೇಕೆಂದು ಸಲಹೆ ಕೇಳಿ ನನ್ನ ಬಳಿ ಬರುವ ಮಕ್ಕಳ ಮನೆಗಳಲ್ಲಿ ಒಂದೇ ತಪ್ಪು ತಿಳಿವಳಿಕೆ ಮರುಕಳಿಸುತ್ತಿರುವುದರಿಂದ, ಗುರುತು ಮರೆಮಾಡಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಯುವಕನಿಗೆ 23 ವರ್ಷ. ಊರು ಎರೆಭೂಮಿಯ ಸೀಮೆಯದು, ತಂದೆ ರೈತರು. "ಸರಪಳಿ ಹಿಡದು ಹೊಲ ಅಳಿಯಾಕ ಲಂಡನ್ನಿಗೆ ಹೋಗಬೇಕೇನ್ರಿ ಮೇಡಂ?" ಎಂದು ತಂದೆ ಮೊದಲ ದಿನವೇ ಕೇಳಿದರು. ನಮ್ಮಲ್ಲಿ ಸರ್ವೇಯರ್ ಎಂದರೆ ಮೋಜಣಿ ಮಾಡುವವರೇ ಆದ್ದರಿಂದ ಆ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಬ್ರಿಟನ್ನಿನ ಬಿಲ್ಡಿಂಗ್ ಸರ್ವೇಯರ್ ನೋಡುವುದು ಕಟ್ಟಿ ನಿಂತ ಕಟ್ಟಡವನ್ನು: ತೇವ ಎಲ್ಲಿಂದ ಏರುತ್ತಿದೆ, ಗುತ್ತಿಗೆ ಮುಗಿಸಿ ಹೊರಡುವ ಬಾಡಿಗೆದಾರರು ಯಾವ ದುರಸ್ತಿ ಮಾಡಿಕೊಡಬೇಕು, ನೆರೆಮನೆಯವರ ಹಂಚಿಕೆಯ ಗೋಡೆಯ ತಕರಾರನ್ನು ಅದಕ್ಕೆಂದೇ ಇರುವ 1996ರ ಪಾರ್ಟಿ ವಾಲ್ ಕಾಯಿದೆಯಂತೆ ಹೇಗೆ ಬಗೆಹರಿಸಬೇಕು ಎಂಬುದು. 2017ರಲ್ಲಿ 72 ಜನರನ್ನು ಬಲಿ ತೆಗೆದುಕೊಂಡ, ಲಂಡನ್ನಿನ ಬಹುಮಹಡಿ ವಸತಿ ಕಟ್ಟಡ ಗ್ರೆನ್‌ಫೆಲ್ ಟವರ್‌ನ ಬೆಂಕಿ ಹೊರಹೊದಿಕೆಯ ಮೂಲಕ ಹರಡಿದ್ದರಿಂದ, ಆ ನಂತರ ಕಟ್ಟಡಗಳ ಹೊರಹೊದಿಕೆಯ ತಪಾಸಣೆಗೂ ಮಹತ್ವ ಹೆಚ್ಚಿದೆ. ಇದನ್ನೆಲ್ಲ ವಿವರಿಸಿದರೂ ತಂದೆಯವರ ಮುಖದ ಅನುಮಾನ ಕರಗಲಿಲ್ಲ.

ಎರಡನೆಯ ಭೇಟಿಯಲ್ಲಿ ಹುಡುಗ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಅವರ ಮನೆಯ ಕಿಟಕಿಯ ಮೂಲೆಯಿಂದ ಓರೆಯಾಗಿ ಇಳಿದ ಬಿರುಕು ಅದು. ಬಿರುಕು ಮುಗಿಯುವಲ್ಲೆಲ್ಲ ಚಿಕ್ಕ ಪೆನ್ಸಿಲ್ ಗೆರೆ, ಪಕ್ಕದಲ್ಲಿ ತಾರೀಕು. ಎರಡು ವರ್ಷಗಳ ಕಾಲ, ಯಾರೂ ಹೇಳದೆ, ರಜೆಗೆ ಬಂದಾಗಲೆಲ್ಲ ಅವನು ಗುರುತು ಹಾಕಿದ್ದ. ಬೇಸಿಗೆಯಲ್ಲಿ ಬಾಯಿಬಿಡುವ ಬಿರುಕು ಮಳೆಗಾಲದಲ್ಲಿ ಕಿರಿದಾಗುತ್ತಿತ್ತು. "ಅಪ್ಪಾ, ಗೋಡೆಯ ತಪ್ಪಲ್ಲರೀ ಇದು, ಕೆಳಗಿನ ಮಣ್ಣಿಂದು. ವರ್ಷಾ ಸಿಮೆಂಟ್ ತುಂಬಿಸಿದರ ಏನ ಉಪಯೋಗ?" ಎಂದ. ಲಂಡನ್ನಿನ ಜೇಡಿಮಣ್ಣೂ ನಮ್ಮ ಎರೆಯಂತೆ ಒಣಗಿದರೆ ಕುಗ್ಗುತ್ತದೆಂದೂ, 1976ರ ಬರದಲ್ಲಿ ಅಲ್ಲಿಯ ಮನೆಗಳು ಹೀಗೆಯೇ ಬಿರುಕು ಬಿಟ್ಟವೆಂದೂ ನಾನು ಸೇರಿಸಿದೆ. ತಂದೆ ಬಹಳ ಹೊತ್ತು ಆ ಚಿತ್ರವನ್ನೇ ನೋಡಿ, "ಎರಡ ಎಕರೆ ಅಡವಿಟ್ಟರೂ ಇವನ್ನ ಈ ವರ್ಷನ ಕಳಸ್ತೀನ್ರಿ" ಎಂದರು.

ನಾನು ಬೇಡವೆಂದೆ. ಈ ಸಲಹೆಗಾಗಿ ನನ್ನನ್ನು ಆಕ್ಷೇಪಿಸಿದವರಿದ್ದಾರೆ, ಆದರೂ ಅದನ್ನು ಹಿಂತೆಗೆದುಕೊಳ್ಳಲಾರೆ. ಈ ವೃತ್ತಿಯಲ್ಲಿ ಬೆಲೆಯಿರುವುದು ಪದವಿಗಿಂತ ಹೆಚ್ಚಾಗಿ ಚಾರ್ಟರ್ಡ್ ಸದಸ್ಯತ್ವಕ್ಕೆ, ಅಂದರೆ ವೃತ್ತಿಸಂಸ್ಥೆ ಪರೀಕ್ಷಿಸಿ ಕೊಡುವ ಮಾನ್ಯತೆಗೆ. 1868ರಲ್ಲಿ ಹುಟ್ಟಿದ, ಬ್ರಿಟನ್ನಿನ ಸರ್ವೇಯರುಗಳ ವೃತ್ತಿಸಂಸ್ಥೆಯಾದ ಆರ್‌ಐಸಿಎಸ್ (ರಾಯಲ್ ಇನ್‌ಸ್ಟಿಟ್ಯೂಷನ್ ಆಫ್ ಚಾರ್ಟರ್ಡ್ ಸರ್ವೇಯರ್ಸ್) ಅದನ್ನು ಕೊಡುವುದು, ಅನುಭವವಿಲ್ಲದ ಪದವೀಧರರು ಕೆಲಸದಲ್ಲಿದ್ದುಕೊಂಡೇ 24 ತಿಂಗಳ ತರಬೇತಿ ಮುಗಿಸಿ ಮೌಲ್ಯಮಾಪನದ ಸಂದರ್ಶನದಲ್ಲಿ ತೇರ್ಗಡೆಯಾದ ಮೇಲೆ. ಓದು ಮುಗಿದ ಮೇಲೆ ಅಲ್ಲಿಯೇ ಇದ್ದು ಕೆಲಸ ಮಾಡಲು ಸಿಗುವ ವೀಸಾ ಮಾತ್ರ 2027ರ ಜನವರಿಯಿಂದ ಅರ್ಜಿ ಹಾಕುವ ಇಂಥವರಿಗೆ 18 ತಿಂಗಳಿಗೆ ಇಳಿಯಲಿದೆ. ಕೆಲಸ ಕೊಟ್ಟವರು ವೀಸಾಕ್ಕೆ ಪ್ರಾಯೋಜಕರಾಗದಿದ್ದರೆ ತರಬೇತಿ ಅರ್ಧಕ್ಕೇ ನಿಲ್ಲುತ್ತದೆ, ಅಡವಿಟ್ಟ ಹೊಲದ ಬಡ್ಡಿ ನಿಲ್ಲುವುದಿಲ್ಲ. ಸಂಬಂಧಪಟ್ಟ ಕೆಲಸದಲ್ಲಿ 5 ವರ್ಷದ ಅನುಭವವಿದ್ದವರಿಗೆ ಆ ತರಬೇತಿ 12 ತಿಂಗಳಿಗೆ ಇಳಿಯುತ್ತದೆ. ಆದ್ದರಿಂದ ಮೊದಲು ಇಲ್ಲಿಯೇ ಕಟ್ಟಡ ದುರಸ್ತಿ, ಸ್ಟ್ರಕ್ಚರಲ್ ಆಡಿಟ್ (ಕಟ್ಟಡದ ಗಟ್ಟಿತನದ ತಪಾಸಣೆ) ಮಾಡುವ ಕಡೆ ಕೆಲಸಕ್ಕೆ ಸೇರಿ, ನೋಡಿದ ಪ್ರತಿ ಕಟ್ಟಡದ ದೋಷವನ್ನೂ ಕಾರಣವನ್ನೂ ಬರೆದಿಡಲು, ಆಮೇಲೆ ಆರ್‌ಐಸಿಎಸ್ ಮಾನ್ಯತೆಯಿರುವ ಕೋರ್ಸಿಗಷ್ಟೇ ಅರ್ಜಿ ಹಾಕಲು ಹೇಳಿದೆ.

"ಅಷ್ಟರೊಳಗ ನನಗ 28 ಆಗತಾವ್ರಿ" ಎಂದು ಅವನು ತಲೆ ತಗ್ಗಿಸಿದ. ಆ ಮಾತು ಇಂದಿಗೂ ನನ್ನನ್ನು ಕಾಡುತ್ತದೆ. ಹೊರಡುವಾಗ ತಂದೆ ಬಾಗಿಲಲ್ಲಿ ನಿಂತು ಮಗನನ್ನು ಕೇಳಿದರು: "ಹಂಗಾರ ಈ ಸಲ ಸಿಮೆಂಟ್ ತುಂಬಸೋದು ಬ್ಯಾಡೇನು?"

"ಬ್ಯಾಡ್ರಿ ಅಪ್ಪಾ. ಮೊದಲ ಬಚ್ಚಲ ನೀರು ಪಾಯಾದಾಗ ಇಂಗೋದನ್ನ ನಿಲ್ಲಸೂಣು."