ಓದುಗರ ಪ್ರಶ್ನೆ: ಹಂಚಿಕೆ ಆಫೀಸಿನ ಹಳೇ ಟ್ರಂಕು

ಪ್ರಶ್ನೆ: ನಮ್ಮ ಮುತ್ಯಾ ಇನ್ನಿಬ್ಬರ ಜೋಡಿ ಪಾಲಿನ್ಯಾಗ ಪಿಚ್ಚರ್ ಹಂಚೋ ಆಫೀಸ್ ಇಟ್ಟಿದ್ರು. ಅದರ ಕಾಗದಪತ್ರ ಒಂದು ಟ್ರಂಕಿನ್ಯಾಗ ಸಿಕ್ಕಾವ: ಪೋಸ್ಟರ್, ಒಪ್ಪಂದ, ಡಿಸಿಆರ್ ಅಂತ ಬರೆದ ಫಾರಂ, ರೈಲ್ವೆ ಪಾರ್ಸೆಲ್ ರಸೀದಿ. ಆಫೀಸಿನ ಇತಿಹಾಸ ಬರೀಬೇಕಂದ್ರ ಎಲ್ಲಿಂದ ಶುರು ಮಾಡಬೇಕು?
– ಓದುಗರೊಬ್ಬರು, ಹುಮನಾಬಾದ್

ಉತ್ತರ: ಪೋಸ್ಟರ್ ಸದ್ಯಕ್ಕೆ ಬದಿಗಿಡಿ. ನೋಡಲು ಚೆಂದ, ಆದರೆ ಆ ಚಿತ್ರವನ್ನು ನಿಮ್ಮ ಆಫೀಸೇ ಹಂಚಿತ್ತು ಎಂಬುದಕ್ಕೆ ಅದು ಸಾಕ್ಷಿಯಲ್ಲ. ಒಪ್ಪಂದಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಹಕ್ಕು ಕೊಟ್ಟವರು ಯಾರು, ಯಾವ ಜಿಲ್ಲೆಗಳಿಗೆ, ಎಷ್ಟು ವರ್ಷಕ್ಕೆ, ಯಾವ ಷರತ್ತಿನ ಮೇಲೆ ಎಂದು ಬರೆದುಕೊಳ್ಳಿ. ತಿರುಳಿರುವುದು ಷರತ್ತಿನಲ್ಲೇ. ಎಂಜಿ, ಅಂದರೆ ಮಿನಿಮಮ್ ಗ್ಯಾರಂಟಿ ಆದರೆ ಹಂಚಿಕೆದಾರರು ನಿರ್ಮಾಪಕರಿಗೆ ಕೊಟ್ಟ ದುಡ್ಡು ವಾಪಸ್ ಇಲ್ಲ. ಅಡ್ವಾನ್ಸ್ ಆದರೆ ಕಡಿಮೆ ಬಿದ್ದದ್ದನ್ನು ನಿರ್ಮಾಪಕರಿಂದ ಕೇಳಬಹುದು. ಕಮಿಷನ್ ಆದರೆ ನಷ್ಟದ ಭಾರ ನಿರ್ಮಾಪಕರದ್ದೇ.

ಎಂಜಿ 2 ಲಕ್ಷ, ಪ್ರಿಂಟು ಮತ್ತು ಪ್ರಚಾರಕ್ಕೆ 50 ಸಾವಿರ, ಹಾಕಿದ ದುಡ್ಡಿನ ಮೇಲೆ ಶೇ 20 ಕಮಿಷನ್ ಎಂದುಕೊಳ್ಳಿ. ಟಾಕೀಸುಗಳಿಂದ 4 ಲಕ್ಷ ಶೇರ್, ಅಂದರೆ ಹಂಚಿಕೆದಾರರ ಪಾಲು ಬಂದರೆ ಮೊದಲು 2.5 ಲಕ್ಷ ಅಸಲು, ಆಮೇಲೆ 50 ಸಾವಿರ ಕಮಿಷನ್ ಮುರಿದುಕೊಳ್ಳುತ್ತಾರೆ. ಉಳಿದ 1 ಲಕ್ಷ ಓವರ್‌ಫ್ಲೋ, ಸಾಮಾನ್ಯವಾಗಿ ನಿರ್ಮಾಪಕರಿಗೂ ಹಂಚಿಕೆದಾರರಿಗೂ ಅರ್ಧರ್ಧ. ಬಂದದ್ದು 1.8 ಲಕ್ಷವಷ್ಟೇ ಆದರೆ ಅಸಲಿನಲ್ಲೇ 70 ಸಾವಿರ ಹೋಯಿತು. ಇಂಥ ಎರಡು ಪೆಟ್ಟು ಬಿದ್ದರೆ ಸಣ್ಣ ಆಫೀಸು ಎಂಜಿ ಸಹವಾಸ ಬಿಟ್ಟು ಕಮಿಷನ್ನಿಗೆ ಇಳಿಯುತ್ತದೆ. ನಿಮ್ಮ ಒಪ್ಪಂದಗಳ ಸಾಲಿನಲ್ಲಿ ಅಂಥ ಬದಲಾವಣೆ ಯಾವ ವರ್ಷ ಕಾಣುತ್ತದೆ ನೋಡಿ. ಹಿಂದಿನ ವರ್ಷದ ಲೆಕ್ಕದಲ್ಲಿ ಕಾರಣ ಸಿಗುತ್ತದೆ.

ಡಿಸಿಆರ್ ಎಂದರೆ ಟಾಕೀಸಿನಿಂದ ಬರುತ್ತಿದ್ದ ದಿನದ ವಸೂಲಿ ಪಟ್ಟಿ. ಕ್ಲಾಸುವಾರು ಟಿಕೆಟಿನ ಮೊದಲ ನಂಬರು, ಕೊನೆಯ ನಂಬರು, ಗ್ರಾಸ್, ತೆರಿಗೆ ಕಳೆದ ನೆಟ್ ಅದರಲ್ಲಿರುತ್ತವೆ. ಒಂದು ಆಟದ ಕೊನೆಯ ನಂಬರಿಗೂ ಮುಂದಿನ ಆಟದ ಮೊದಲ ನಂಬರಿಗೂ ಕೊಂಡಿ ಬೀಳಬೇಕು. ಮ್ಯಾಟಿನಿಯಲ್ಲಿ ಬಾಲ್ಕನಿ 4186ಕ್ಕೆ ನಿಂತು ಫಸ್ಟ್ ಶೋ 4260ರಿಂದ ಶುರುವಾಗಿದ್ದರೆ, ನಡುವಿನ ಟಿಕೆಟು ಎಲ್ಲಿ ಹೋದವು? ಹಂಚಿಕೆದಾರರು ಫಿಲ್ಮಿನ ಡಬ್ಬಿಯ ಜೊತೆ ಪ್ರತಿನಿಧಿಯನ್ನೂ ಕಳಿಸುತ್ತಿದ್ದದ್ದು ಇದನ್ನು ಕಾಯಲಿಕ್ಕೇ. ಅವನ ಭತ್ಯೆ ಚೀಟಿ ಸಿಕ್ಕರೆ ಅದೇ ವಾರದ ಡಿಸಿಆರ್‌ಗೆ ಪಿನ್ ಹಾಕಿ. ಕೆಲವು ಊರುಗಳ ಡಿಸಿಆರ್ ಇಲ್ಲವೆಂದು ಗಾಬರಿ ಬೇಡ: ವಾರಕ್ಕೆ ಇಷ್ಟೆಂದು ಬಾಡಿಗೆ ಕಟ್ಟಿ ಡಬ್ಬಿ ಒಯ್ದ ಟೂರಿಂಗ್ ಟಾಕೀಸಿನವರು ಪಾಲಿನ ಲೆಕ್ಕ ಒಪ್ಪಿಸಬೇಕಿರಲಿಲ್ಲ.

ಇನ್ನೊಂದು ಮಾತು. ಬೋರ್ಡಿನ ಮೇಲೆ ‘ಕಂಪನಿ’ ಎಂದಿದ್ದರೂ ಪಾಲುದಾರಿಕೆಯಾಗಿದ್ದರೆ ಕಂಪನಿ ರಿಜಿಸ್ಟ್ರಾರ್ ಹತ್ತಿರ ಕಡತ ಇರುವುದಿಲ್ಲ. ಫರ್ಮ್‌ಗಳ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೇಳಿ. 1932ರ ಪಾಲುದಾರಿಕೆ ಕಾಯ್ದೆ ನೋಂದಣಿಯನ್ನು ಕಡ್ಡಾಯ ಮಾಡಿಲ್ಲ, ಹಾಗಾಗಿ ಅಲ್ಲಿಯೂ ಸಿಗದಿರಬಹುದು.

ಪ್ರಶ್ನೆ: ಒಂದೇ ಟಾಕೀಸಿಗೆ ಹಿಂದಿ ಚಿತ್ರ ಹೈದರಾಬಾದಿನಿಂದ, ಕನ್ನಡ ಚಿತ್ರ ಬೆಂಗಳೂರಿನಿಂದ ಬರುತ್ತಿದ್ದದ್ದು ಏಕೆ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಸಿನಿಮಾ ವ್ಯಾಪಾರದ ನಕಾಶೆ ಸರ್ಕಾರದ ನಕಾಶೆಯನ್ನು ಕೇಳುವುದಿಲ್ಲ. 1956ರ ನವೆಂಬರ್ 1ಕ್ಕೆ ನಮ್ಮ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ಹಿಂದಿ ಚಿತ್ರದವರ ‘ನಿಜಾಂ’ ಏರಿಯಾ (ಹಂಚಿಕೆಯ ವಲಯ) ಮಾತ್ರ ತೆಲಂಗಾಣ, ಮರಾಠವಾಡಾದ ಜೊತೆ ಬೀದರ, ಗುಲ್ಬರ್ಗಾ, ರಾಯಚೂರನ್ನೂ ಹಾಗೇ ಹಿಡಿದುಕೊಂಡಿತು. ಗಾಂಧಿನಗರದ ಕನ್ನಡ ಹಂಚಿಕೆಯಲ್ಲಿ ಬಿಕೆಟಿ (ಬೆಂಗಳೂರು, ಕೋಲಾರ, ತುಮಕೂರು), ಎಂಎಂಸಿಎಚ್ (ಮೈಸೂರು, ಮಂಡ್ಯ, ಹಾಸನದ ಕಡೆ) ಇದ್ದ ಹಾಗೆ ‘ಹೈದರಾಬಾದ್ ಕರ್ನಾಟಕ’ ಬೇರೆಯೇ ಏರಿಯಾ. ಸರ್ಕಾರ ಕಲ್ಯಾಣ ಕರ್ನಾಟಕ ಎಂದು ಹೆಸರಿಟ್ಟದ್ದು 2019ರಲ್ಲಿ, ಆದ್ದರಿಂದ ಹಳೇ ಒಪ್ಪಂದಗಳಲ್ಲಿ ಆ ಹೆಸರು ಹುಡುಕಬೇಡಿ. ಹುಮನಾಬಾದಿನ ಓದುಗರಿಗೂ ಒಂದು ಸುಳಿವು: ಬೀದರ–ಕಲಬುರಗಿ ರೈಲುಮಾರ್ಗ ಪೂರ್ತಿಯಾದದ್ದು 2017ರಲ್ಲಿ. ಅದಕ್ಕೂ ಹಿಂದೆ ಬೆಂಗಳೂರಿನ ಪಾರ್ಸೆಲ್ ಕೂಡ ವಿಕಾರಾಬಾದ್ ಮೇಲೆಯೇ ಬೀದರಕ್ಕೆ ಬರಬಹುದಿತ್ತು, ಹಾಗಾಗಿ ರಸೀದಿಯಲ್ಲಿ ವಿಕಾರಾಬಾದ್ ಇದ್ದ ಮಾತ್ರಕ್ಕೆ ಡಬ್ಬಿ ಹೈದರಾಬಾದ್ ಕಡೆಯದು ಎಂದು ಹಿಡಿಯಬೇಡಿ, ಹೊರಟ ಸ್ಟೇಷನ್ ನೋಡಿ.

ಪ್ರಶ್ನೆ: ಅವಧಿಯನ್ನೇ ಬರೆಯದ ಹಂಚಿಕೆ ಒಪ್ಪಂದ, ಜೊತೆಗೆ ರೀಲಿನ ಡಬ್ಬಿಗಳಿವೆ. ಚಿತ್ರ ತೋರಿಸಬಹುದೆ?
– ಓದುಗರೊಬ್ಬರು, ಸುರಪುರ

ಉತ್ತರ: ರೀಲು ಕೈಯಲ್ಲಿದ್ದ ಮಾತ್ರಕ್ಕೆ ಹಕ್ಕು ಬರುವುದಿಲ್ಲ. 1995ರ ನಂತರದ ಹಕ್ಕು ವರ್ಗಾವಣೆ ಪತ್ರದಲ್ಲಿ ಅವಧಿ ಇಲ್ಲದಿದ್ದರೆ ಕೃತಿಸ್ವಾಮ್ಯ ಕಾಯ್ದೆ ಅದನ್ನು 5 ವರ್ಷವೆಂದೇ ಎಣಿಸುತ್ತದೆ. ಅದಕ್ಕಿಂತ ಹಳೆಯದಾದರೆ ವಕೀಲರಿಗೆ ತೋರಿಸಿ. ಚಿತ್ರದ ಕೃತಿಸ್ವಾಮ್ಯ ಬಿಡುಗಡೆಯ ಮರುವರ್ಷದಿಂದ 60 ವರ್ಷ: 1964ರ ಚಿತ್ರದ್ದು 2024ರ ಕೊನೆಗೆ ಮುಗಿಯಿತು.

ಡಬ್ಬಿ ತೆರೆದಾಗ ವಿನೆಗರ್‌ನಂಥ ಹುಳಿ ವಾಸನೆ ಬಂದರೆ ಅಸಿಟೇಟ್ ಫಿಲ್ಮ್ ಕೆಡುತ್ತಿದೆ ಎಂದರ್ಥ. ಆ ಡಬ್ಬಿಯನ್ನು ಉಳಿದವುಗಳಿಂದ ದೂರವಿಡಿ, ಗಾಳಿಯಾಡುವ ತಂಪು ಕೋಣೆಯಲ್ಲಿರಲಿ, ಪ್ರೊಜೆಕ್ಟರಿಗೆ ಏರಿಸಬೇಡಿ. ಕುಗ್ಗಿದ ಫಿಲ್ಮಿನ ಅಂಚಿನ ತೂತುಗಳು ಹಲ್ಲಿಗೆ ಕೂಡದೆ ಹರಿಯುತ್ತವೆ. 35 ಎಂಎಂನಲ್ಲಿ ನಿಮಿಷಕ್ಕೆ 90 ಅಡಿ, ಅಂದರೆ ಎರಡೂವರೆ ತಾಸಿನ ಚಿತ್ರ 13,500 ಅಡಿ. ಡಬ್ಬಿಗಳ ಮೇಲಿನ ರೀಲ್ ನಂಬರು, ಅಡಿ ಲೆಕ್ಕ ಕೂಡಿಸಿ ಚಿತ್ರ ಪೂರ್ತಿ ಇದೆಯೇ ನೋಡಿ, ಆಮೇಲೆ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಆ ಪಟ್ಟಿಯೊಡನೆ ಬರೆಯಿರಿ.