ಹಳೆಯ ಆಟಗಾರ ವೇಟ್ ಟ್ರೈನಿಂಗ್ ಕೊಟ್ಟರೆ ನಂಬಬಹುದೇ?

ನಿಮ್ಮ ವಾಲಿಬಾಲ್ ತಂಡಕ್ಕೆ ವೇಟ್ ಟ್ರೈನಿಂಗ್ ಮಾಡಿಸುವವರು ಮಾಜಿ ಆಟಗಾರರು, ಸರ್ಟಿಫಿಕೇಟ್ ಇಲ್ಲ, ನಂಬಬಹುದೇ ಎಂದು ಕೇಳಿದ್ದೀರಿ. ನಾನೂ ಆಟ ಬಿಟ್ಟಮೇಲೆ ಪರೀಕ್ಷೆ ಬರೆದು ಈ ಕೆಲಸಕ್ಕೆ ಬಂದವನು. ಪರೀಕ್ಷೆಗೆ ಓದುವ ಮುಂಚೆ ನಾನು ಹುಡುಗರಿಗೆ ಕೊಡುತ್ತಿದ್ದುದು ನನ್ನ ಕೋಚ್ ನನಗೆ ಕೊಟ್ಟಿದ್ದನ್ನೇ, ಕಾರಣ ಗೊತ್ತಿಲ್ಲದೆ.

ಆಟಗಾರರಿಗೆ ವೇಟ್ ಟ್ರೈನಿಂಗ್ ಮಾಡಿಸುವ ಈ ಸ್ಟ್ರೆಂತ್ ಕೋಚ್ ಉದ್ಯೋಗ ಹಳೆಯದೇನಲ್ಲ. ಅಮೆರಿಕದ ನೆಬ್ರಾಸ್ಕ ವಿಶ್ವವಿದ್ಯಾಲಯ 1969ರಲ್ಲಿ ಬಾಯ್ಡ್ ಎಪ್ಲಿಯನ್ನು ಸ್ಟ್ರೆಂತ್ ಕೋಚ್ ಆಗಿ ನೇಮಿಸಿಕೊಂಡಾಗ, ಭಾರ ಎತ್ತಿದರೆ ಮೈ ಬಿಗಿದು ಓಟ ಕುಂಠಿತವಾಗುತ್ತದೆ ಎಂದೇ ಬಹಳ ಕೋಚ್‌ಗಳು ನಂಬಿದ್ದರು. 1978ರಲ್ಲಿ ಅವರೇ ಮುಂದೆ ನಿಂತು ಸ್ಟ್ರೆಂತ್ ಕೋಚ್‌ಗಳ ಸಂಘ ಕಟ್ಟಿದರು. ಸ್ಟ್ರೆಂತ್ ಕೋಚ್‌ಗಳಿಗೆ ಆ ಸಂಘ ಕೊಡುವ ಸರ್ಟಿಫಿಕೇಟ್ ಸಿಎಸ್‌ಸಿಎಸ್; ಅದರ ಪರೀಕ್ಷೆಗೆ ಪದವಿ ಬೇಕು, ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತಿ ಜೀವ ಉಳಿಸುವ ಪ್ರಥಮ ಚಿಕಿತ್ಸೆ) ತರಬೇತಿಯೂ ಬೇಕು.

ಹಾಗಂತ ಕಾಗದವೊಂದೇ ಕಾಪಾಡುವುದಿಲ್ಲ. 2011ರ ಜನವರಿಯಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ 13 ಅಮೆರಿಕನ್ ಫುಟ್‌ಬಾಲ್ ಆಟಗಾರರು ಆಸ್ಪತ್ರೆ ಸೇರಿದರು. ಪೂರ್ಣಾವಧಿ ಸ್ಟ್ರೆಂತ್ ಕೋಚ್‌ಗಳಿದ್ದ ತಂಡ ಅದು. ರಜೆ ಮುಗಿಸಿ ಬಂದವರಿಗೆ, ಒಮ್ಮೆಗೆ ಎತ್ತಬಲ್ಲ ಗರಿಷ್ಠ ತೂಕದ ಅರ್ಧ ಹೊರಿಸಿ 100 ಸ್ಕ್ವಾಟ್ (ಕುಕ್ಕರಿಸಿ ಏಳುವ ವ್ಯಾಯಾಮ) ಮಾಡಿಸಿದ್ದರು, ಅದೂ ಗಡಿಯಾರ ಹಿಡಿದು. ಅರ್ಧ ತೂಕ ಅಂದರೆ ಹಗುರ ಅನ್ನಿಸುತ್ತದೆ, ಅಲ್ಲವೇ? ಕೆಡಿಸಿದ್ದು ತೂಕವಲ್ಲ, ಬಿಟ್ಟು ಬಂದ ಮೈಗೆ ಒಂದೇ ಸಲ ಬಿದ್ದ ಆ ಎಣಿಕೆ. ಸ್ನಾಯುವಿನ ಜೀವಕೋಶ ಒಡೆದು ಅದರೊಳಗಿನದು ರಕ್ತಕ್ಕೆ ಸೇರುತ್ತದೆ, ಮೂತ್ರ ಕಂದು ಬಣ್ಣಕ್ಕೆ ತಿರುಗುತ್ತದೆ, ಮೂತ್ರಪಿಂಡಕ್ಕೇ ಪೆಟ್ಟಾಗಬಹುದು. ವೈದ್ಯರು ಇದನ್ನು ರ‍್ಯಾಬ್ಡೊಮಯೊಲಿಸಿಸ್ ಅನ್ನುತ್ತಾರೆ. ಮರುದಿನದ ಸಾಮಾನ್ಯ ಮೈಕೈ ನೋವಿನ ಜೊತೆ ಇದನ್ನು ಸೇರಿಸಿ ಉದಾಸೀನ ಮಾಡಬೇಡಿ.

ಹಾಗಾಗಿ ನಿಮ್ಮ ಕೋಚ್ ಬಳಿ ನೋಟ್‌ಬುಕ್ ಇದೆಯೇ ನೋಡಿ. ಯಾರು ಎಷ್ಟು ಎತ್ತಿದರು ಎಂದು ಬರೆಯದೆ, ಆರೂವರೆ ಅಡಿಯ ಬ್ಲಾಕರ್‌ಗೂ ಹಿಂದಿನ ಸಾಲಲ್ಲಿ ಚೆಂಡು ಎತ್ತುವ ಗಿಡ್ಡ ಲಿಬೆರೋಗೂ ಒಂದೇ ತೂಕ ಹಾಕಿಸುವವರಿದ್ದರೆ ನನಗೆ ಭಯ. ಪಂದ್ಯಗಳ ತಿಂಗಳಲ್ಲಿ ವಾರಕ್ಕೆ ಒಂದೆರಡು ಸಲ ಸಾಕು. ತೂಕ ಹೆಚ್ಚುಕಡಿಮೆ ಹಾಗೇ ಇಟ್ಟು ಸೆಟ್, ಅಂದರೆ ವ್ಯಾಯಾಮದ ಸುತ್ತುಗಳನ್ನು, ಕಡಿಮೆ ಮಾಡಬೇಕು, ಯಾಕೆಂದರೆ ನೆಗೆದು ಇಳಿಯುವ ಹೊರೆಯನ್ನು ಮಂಡಿ ಅಂಗಳದಲ್ಲೇ ಹೊತ್ತಿರುತ್ತದೆ.

ಅವರನ್ನೇ ಒಂದು ಮಾತು ಕೇಳಿ: "ಸಾರ್, ಎರಡು ವಾರ ಜ್ವರದಲ್ಲಿ ಮಲಗಿದ್ದೆ, ಇವತ್ತು ಎಷ್ಟು ಹಾಕಲಿ?" ಕಡಿಮೆ ತೂಕ, ಕಡಿಮೆ ಸೆಟ್ ಅಂದರೆ ಸರ್ಟಿಫಿಕೇಟ್ ಇಲ್ಲದಿದ್ದರೂ ಸದ್ಯಕ್ಕೆ ಅವರ ಜೊತೆ ಇರಿ, ಪರೀಕ್ಷೆ ಕಟ್ಟಲು ಪುಸಲಾಯಿಸಿ. ತಪ್ಪಿದ್ದನ್ನೆಲ್ಲ ಇವತ್ತೇ ತೀರಿಸು ಅಂದರೆ ಬಾರ್ ಮುಟ್ಟಬೇಡಿ.