ಎಥನಾಲ್ ಪೆಟ್ರೋಲಿಗೆ ಹೈ ಪ್ರೆಶರ್ ಪಂಪ್ ಸೋತಿದೆಯಾ, ಅಥವಾ ಅದಕ್ಕೆ ಪೆಟ್ರೋಲೇ ಸಿಗ್ತಿಲ್ವಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನೀವು ದುರ್ಗದವರು. 2021ರ ಟರ್ಬೊ ಪೆಟ್ರೋಲ್ ಗಾಡಿ, ಡೈರೆಕ್ಟ್ ಇಂಜೆಕ್ಷನ್, ಅಂದರೆ ಪೆಟ್ರೋಲನ್ನು ನೇರ ಸಿಲಿಂಡರಿನೊಳಗೆ ಸಿಂಪಡಿಸುವಂಥದ್ದು. ಹೋದ ವರ್ಷ ರೀಮ್ಯಾಪ್ ಮಾಡಿಸಿದ್ದೀರಿ, ಅಂದರೆ ಇಂಜಿನ್ ಕಂಪ್ಯೂಟರಿನ ಲೆಕ್ಕ (ಮ್ಯಾಪ್) ತಿದ್ದಿ ಪವರ್ ಏರಿಸಿದ್ದೀರಿ. ಈಗ ಹೈವೇಯಲ್ಲಿ ಲಾರಿ ಓವರ್‌ಟೇಕ್ ಮಾಡಲು ಆಕ್ಸಿಲರೇಟರ್ ಒತ್ತಿದರೆ ಗಾಡಿ ಜಗ್ಗಿ ಪಿಕಪ್ ಬಿಡುತ್ತದೆ, ಚೆಕ್ ಲೈಟ್ ಹತ್ತುತ್ತದೆ, ಸ್ಕ್ಯಾನರ್ ಹಾಕಿದರೆ ಪಿ0087 ಅಂತ ಬರುತ್ತದೆ. ಗ್ಯಾರೇಜಿನವರು ಹೈ ಪ್ರೆಶರ್ ಪಂಪ್ ಬದಲಿಸಿ ಅಂತಾರೆ. ಟ್ಯೂನಿಂಗ್ ಮಾಡಿದವರು ಎಥನಾಲ್ ಇನ್ನೂ ಜಾಸ್ತಿ ಬೆರೆಸಿ, ಇ40ಗೆ (ಶೇ 40 ಎಥನಾಲ್ ಇರುವ ಪೆಟ್ರೋಲ್) ಮ್ಯಾಪ್ ಹಾಕಿಕೊಡ್ತೀವಿ ಅಂತಾರೆ. ಯಾರ ಮಾತು ಕೇಳೋದು?

ಸದ್ಯಕ್ಕೆ ಇಬ್ಬರದ್ದೂ ಬೇಡ. ದಾವಣಗೆರೆಯಲ್ಲಿ ನಂದೊಂದು ಸಣ್ಣ ಗ್ಯಾರೇಜ್ ಇದೆ, ಇಂಥ ಗಾಡಿಗಳು ಬರ್ತಾನೇ ಇರುತ್ತವೆ. ಪಿ0087 ಅಂದರೆ ರೇಲ್‌ನಲ್ಲಿ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಪೈಪ್) ಇರಬೇಕಾದ ಪ್ರೆಶರ್ ಇಲ್ಲ ಅಂತ, ಅಷ್ಟೇ. ಪಂಪ್ ಕೆಟ್ಟಿದೆ ಅಂತ ಅದು ಹೇಳಲ್ಲ.

ಈ ಗಾಡಿಗಳಲ್ಲಿ ಪಂಪ್ ಎರಡು. ಟ್ಯಾಂಕಿನೊಳಗೆ ಕರೆಂಟಿನಲ್ಲಿ ತಿರುಗುವುದೊಂದು, ಅದು ಸುಮಾರು 4ರಿಂದ 6 ಬಾರ್ ಪ್ರೆಶರ್‌ನಲ್ಲಿ ಪೆಟ್ರೋಲನ್ನು ಮುಂದಕ್ಕೆ ಕಳಿಸುತ್ತದೆ. ಇನ್ನೊಂದು ಇಂಜಿನ್ ಮೇಲೆ ಕೂತಿರುತ್ತದೆ. ಕ್ಯಾಮ್ ಶಾಫ್ಟಿನ ಉಬ್ಬು ತಳ್ಳಿದಾಗ ಅದರ ಪ್ಲಂಜರ್ (ಪಂಪಿನೊಳಗಿನ ದಂಡ) ಮೇಲೆ ಹೋಗುತ್ತದೆ, ಪೆಟ್ರೋಲ್ 200 ಬಾರ್‌ಗೋ, ಹೊಸ ಗಾಡಿಗಳಲ್ಲಿ 350 ಬಾರ್‌ಗೋ ಏರುತ್ತದೆ. ಆ ಪ್ಲಂಜರಿನ ದಪ್ಪ, ಅದು ಓಡಾಡುವ ಕೆಲವೇ ಮಿಲಿಮೀಟರ್, ಕ್ಯಾಮ್ ಮೇಲಿನ ಉಬ್ಬುಗಳ ಲೆಕ್ಕ, ಎಲ್ಲ ಕಂಪನಿಯಲ್ಲೇ ನಿಗದಿ. ಲ್ಯಾಪ್‌ಟಾಪಿನಲ್ಲಿ ಮ್ಯಾಪ್ ಎಷ್ಟೇ ತಿದ್ದಿದರೂ ಪ್ಲಂಜರ್ ಆ ಮಿತಿ ದಾಟಿ ಒಂದು ಹನಿ ಜಾಸ್ತಿ ತಳ್ಳಲ್ಲ. ರೇಲ್ ಪ್ರೆಶರ್ ಏರಿಸಿದರೆ ಇಂಜೆಕ್ಟರ್ ಅಷ್ಟೇ ಹೊತ್ತಿನಲ್ಲಿ ಜಾಸ್ತಿ ಸಿಂಪಡಿಸುತ್ತದೆ, ನಿಜ, ಆದರೆ ಪಂಪಿಗೆ ಹೊರೆ ಹೆಚ್ಚಿ ಸಂದಿಯಲ್ಲಿ ಸೋರಿಕೆಯೂ ಜಾಸ್ತಿಯಾಗುತ್ತದೆ.

ಈಗ ಎಥನಾಲ್ ಲೆಕ್ಕ. 1 ಕೆಜಿ ಪೆಟ್ರೋಲ್ ಸರಿಯಾಗಿ ಉರಿಯಲು 14.7 ಕೆಜಿ ಗಾಳಿ ಬೇಕು, ಎಥನಾಲಿಗೆ 9 ಕೆಜಿ ಸಾಕು. ಅಂದರೆ ಇಂಜಿನ್ ಅಷ್ಟೇ ಗಾಳಿ ಎಳೆದಾಗ ಎಥನಾಲನ್ನು ಜಾಸ್ತಿ ಸುರಿಯಬೇಕು. ಲೀಟರ್ ಲೆಕ್ಕದಲ್ಲಿ ಬರೀ ಪೆಟ್ರೋಲಿಗಿಂತ ಇ20ಗೆ ಶೇ 7-8 ಜಾಸ್ತಿ, ಇ40ಗೆ ಸುಮಾರು ಶೇ 16, ಇ85 ಆದರೆ ಶೇ 40 ದಾಟುತ್ತದೆ. ನಿಮ್ಮದು 2021ರ ಗಾಡಿ. ಇ20 ತಡೆಯುವ ಸಾಮಾನು ಹಾಕಿದ ಗಾಡಿಗಳು ಬಂದದ್ದು 2023ರ ಏಪ್ರಿಲ್‌ನಿಂದ, ನಿಮ್ಮದನ್ನು ಇ10 ಲೆಕ್ಕಕ್ಕೆ ಮಾಡಿದ್ದಾರೆ. ಅದರ ಮೇಲೆ ರೀಮ್ಯಾಪ್. ಅದರಲ್ಲಿ ಟಾರ್ಕ್ (ಇಂಜಿನ್ ತಿರುಗಿಸುವ ಬಲ) ಶೇ 20 ಏರಿಸಿದ್ದಾರೆ ಅಂತ ಇಟ್ಟುಕೊಳ್ಳಿ, ಗಾಳಿಯೂ ಹೆಚ್ಚುಕಮ್ಮಿ ಅಷ್ಟೇ ಏರುತ್ತದೆ. ಆ 1.2ನ್ನು ಇ20ರ 1.08ರಿಂದ ಗುಣಿಸಿದರೆ ಸುಮಾರು 1.3. ಈಗಲೇ ಪಂಪ್ ಮೇಲೆ ಹತ್ತಿರ ಹತ್ತಿರ ಶೇ 30 ಜಾಸ್ತಿ ಹೊರೆ ಬಿದ್ದಿದೆ. ಇ40 ಹಾಕಿದರೆ ಅದು ಶೇ 39 ಆಗುತ್ತದೆ. ಪ್ರೆಶರ್ ಉಳಿಯದೆ ಒದ್ದಾಡುತ್ತಿರುವ ಗಾಡಿಗೆ ಇದನ್ನು ಔಷಧಿ ಅಂತ ಕೊಡೋದು ನನಗೆ ಸರಿ ಕಾಣಲ್ಲ.

ಎಥನಾಲ್ ಬಗ್ಗೆ ನನಗೇನೂ ಸಿಟ್ಟಿಲ್ಲ. ನಮ್ಮ ಜಿಲ್ಲೆಯ ಹೊಲಗಳ ತುಂಬ ಮೆಕ್ಕೆಜೋಳ, ಅದಕ್ಕೆ ಇನ್ನೊಂದು ಗಿರಾಕಿ ಸಿಕ್ಕರೆ ಖುಷಿಯೇ. ಬ್ರೆಜಿಲ್‌ನಲ್ಲಿ 2003ರಿಂದಲೂ ಎರಡೂ ಇಂಧನಕ್ಕೆ ಹೊಂದುವ ಗಾಡಿ ಮಾರುತ್ತಿದ್ದಾರೆ. ಆದರೆ ಅವರು ಪಂಪ್, ಸೀಲ್, ಇಂಜೆಕ್ಟರ್ ಎಲ್ಲವನ್ನೂ ಅದಕ್ಕೆ ತಕ್ಕಂತೆ ಮಾಡಿ ಕೂರಿಸುತ್ತಾರೆ. ನಮ್ಮಲ್ಲಿ 2024ರಿಂದ ಕೆಲವು ಬಂಕ್‌ಗಳಲ್ಲಿ ಇ100 ಸಿಗುತ್ತಿದೆ, ಅದನ್ನು ತಂದು ಇಂಥ ಗಾಡಿಗೆ ಅಂದಾಜಿನಲ್ಲಿ ಬೆರೆಸಬೇಡಿ.

ಇನ್ನು ಮುಖ್ಯ ವಿಷಯ. ಪ್ರೆಶರ್ ಯಾವಾಗ ಬೀಳುತ್ತದೆ ಅನ್ನೋದನ್ನು ನೋಡಿ. ಹೈ ಪ್ರೆಶರ್ ಪಂಪ್ ಕ್ಯಾಮ್ ಜೊತೆ ತಿರುಗುತ್ತದೆ ಅಲ್ವಾ, ಹಾಗಾಗಿ ಇಂಜಿನ್ ಜೋರಾಗಿ ತಿರುಗಿದಷ್ಟೂ ಅದೂ ಜೋರಾಗಿ ತಳ್ಳುತ್ತದೆ. ಅದಕ್ಕೆ ಕಷ್ಟ ಬರೋದು ಒಂದೊಂದು ಸುತ್ತಿಗೆ ಅತಿ ಹೆಚ್ಚು ಪೆಟ್ರೋಲ್ ಬೇಕಾದಾಗ, ಅಂದರೆ ಟಾರ್ಕ್ ತುತ್ತತುದಿಯಲ್ಲಿದ್ದಾಗ. ಈ ಸಣ್ಣ ಟರ್ಬೊಗಳಲ್ಲಿ ಅದು 2000ದಿಂದ 3500 ಆರ್‌ಪಿಎಂ ನಡುವೆ ಎಲ್ಲೋ ಇರುತ್ತದೆ. ಟ್ಯಾಂಕ್ ಪಂಪ್ ಹಾಗಲ್ಲ. ಅದಕ್ಕೆ ನಿಮಿಷಕ್ಕೆ ಇಷ್ಟು ಲೀಟರ್ ಅಂತ ಒಂದು ಮಿತಿ, ಇಂಜಿನ್ ಎಷ್ಟು ತಿರುಗುತ್ತಿದೆ ಅನ್ನೋದು ಅದಕ್ಕೆ ಸಂಬಂಧವಿಲ್ಲ. ಅದು ಸೋಲೋದು ನಿಮಿಷಕ್ಕೆ ಅತಿ ಹೆಚ್ಚು ಪೆಟ್ರೋಲ್ ಬೇಕಾದ ಕಡೆ, 5000 ದಾಟಿದ ಮೇಲೆ. ಹಾಗಾಗಿ ಮೂರನೇ ಗೇರಲ್ಲಿ 2000ದಿಂದ ಪೂರ್ತಿ ಒತ್ತಿ ಎಳೆಸಿ, ಪಕ್ಕದಲ್ಲಿ ಇನ್ನೊಬ್ಬರು ಕೂತು ಸ್ಕ್ಯಾನರ್‌ನಲ್ಲಿ ಇಂಜಿನ್ ಕಂಪ್ಯೂಟರ್ ಕೇಳಿದ ಪ್ರೆಶರ್, ರೇಲ್‌ನಲ್ಲಿ ಸಿಕ್ಕ ಪ್ರೆಶರ್ ಎರಡೂ ಗೆರೆಗಳನ್ನು ರೆಕಾರ್ಡ್ ಮಾಡಲಿ. ಖಾಲಿ ರಸ್ತೆ ನೋಡಿ ಮಾಡಿ, ದಯವಿಟ್ಟು. ನಡುವಿನ ಆರ್‌ಪಿಎಂನಲ್ಲಿ ಬಿದ್ದು ಮೇಲೆ ಹೋದಂತೆ ಚೇತರಿಸಿಕೊಂಡರೆ ಹೈ ಪ್ರೆಶರ್ ಪಂಪ್ ಮಿತಿ ಮುಟ್ಟಿದೆ ಅಥವಾ ಸವೆದಿದೆ. ಮೊದಲು ಚೆನ್ನಾಗಿದ್ದು ಮೇಲೆ ಹೋದಂತೆ ಕುಸಿಯುತ್ತಾ ಹೋದರೆ ಟ್ಯಾಂಕಿನ ಕಡೆ ಅನುಮಾನ ಪಡಿ. ಪ್ರೆಶರ್ ಗೆರೆ ಗಟ್ಟಿಯಾಗಿ ನಿಂತೂ ಮಿಕ್ಸ್‌ಚರ್ ಲೀನ್ ಆದರೆ (ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲದಿದ್ದರೆ) ಇಂಜೆಕ್ಟರಿಗೆ ಸಿಂಪಡಿಸಲು ಟೈಮ್ ಸಾಲುತ್ತಿಲ್ಲ ಅಂತ.

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಹರಿಹರದಿಂದ ಒಬ್ಬರು ಇದೇ ಕೋಡ್ ಇದ್ದ ಗಾಡಿ ತಂದಿದ್ದರು. ಟ್ಯಾಂಕ್ ಕಡೆಯ ಪ್ರೆಶರ್ ನೋಡದೆ ಹೈ ಪ್ರೆಶರ್ ಪಂಪ್ ಬದಲಿಸಿಬಿಟ್ಟೆ. ಒಂದೇ ವಾರಕ್ಕೆ ಮತ್ತೆ ಅದೇ ಕೋಡ್. ಆಮೇಲೆ ಲೋ ಪ್ರೆಶರ್ ಲೈನಿಗೆ ಗೇಜ್ ಕಟ್ಟಿ ಓಡಿಸಿದರೆ ಲೋಡ್ ಬಿದ್ದ ತಕ್ಷಣ ಮುಳ್ಳು 2 ಬಾರ್‌ಗೆ ಇಳಿಯುತ್ತಿತ್ತು. ಟ್ಯಾಂಕ್ ಬಿಚ್ಚಿದೆವು, ಫಿಲ್ಟರ್ ತುಂಬ ಕಂದು ಬಣ್ಣದ ಅಂಟು. ಎಥನಾಲ್ ಒಳ್ಳೆಯ ಸಾಲ್ವೆಂಟ್, ವರ್ಷಗಟ್ಟಲೆ ಟ್ಯಾಂಕಿನಲ್ಲಿ, ಪೈಪಿನಲ್ಲಿ ಅಂಟಿದ ಕೊಳೆಯನ್ನು ಕಿತ್ತು ತಂದು ಫಿಲ್ಟರಿಗೆ ಕಟ್ಟುತ್ತದೆ. ಅವರು ಕೊಟ್ಟ ದುಡ್ಡು ಸಾಲ ಮಾಡಿ ತಂದದ್ದು ಅಂತ ಆಮೇಲೆ ಗೊತ್ತಾಯಿತು. ನನ್ನ ಕೂಲಿ ವಾಪಸ್ ಕೊಟ್ಟೆ, ಆದರೂ ಆ ನೋವು ಹೋಗಿಲ್ಲ. ಅದಕ್ಕೇ ನಿಮಗೆ ಇಷ್ಟುದ್ದ ಬರೀತಿದೀನಿ.

ಟ್ಯಾಂಕ್ ಕಡೆ ಪ್ರೆಶರ್ ಕಮ್ಮಿಯಾದರೆ ಇನ್ನೊಂದು ಅಪಾಯವಿದೆ. ಬೇಸಿಗೆಯಲ್ಲಿ ಬಾನೆಟ್ ಕೆಳಗೆ ಬೆಂಕಿಯಂಥ ಬಿಸಿ, ಪ್ರೆಶರ್ ಇಲ್ಲದ ಪೆಟ್ರೋಲ್ ಪಂಪಿಗೆ ಮುಟ್ಟುವ ಮೊದಲೇ ಅಲ್ಲಲ್ಲಿ ಆವಿಯಾಗುತ್ತದೆ. ಗುಳ್ಳೆ ತುಂಬಿದ ಪೆಟ್ರೋಲನ್ನು ಪ್ಲಂಜರ್ ಎಷ್ಟು ಒತ್ತಿದರೂ ಪ್ರೆಶರ್ ಏರಲ್ಲ. ಅಷ್ಟೇ ಅಲ್ಲ, ಪ್ಲಂಜರಿಗೆ ನುಣುಪು ಕೊಡುವುದು ಪೆಟ್ರೋಲೇ, ಬೇರೆ ಆಯಿಲ್ ಅಲ್ಲಿಲ್ಲ. ಬಿಗಿ ಸಂದಿಯಲ್ಲಿ ಒಣಗಿ ಉಜ್ಜಿದರೆ ಗೀರು ಬಿದ್ದು ಒಳ್ಳೆಯ ಪಂಪ್ ಕೂಡ ಹಾಳಾಗುತ್ತದೆ. ಜೊತೆಗೆ ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯಲ್ಲಿ ಒಳಗೆ ತುಕ್ಕು ಶುರುವಾಗಬಹುದು.

ನಿಜವಾಗಲೂ ಹೈ ಪ್ರೆಶರ್ ಪಂಪ್ ಹೋಗಿದ್ದರೆ ಬೇರೆ ಗುರುತುಗಳೂ ಇರುತ್ತವೆ. ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಮಟ್ಟ ಏರಿದೆಯಾ, ಪೆಟ್ರೋಲ್ ವಾಸನೆ ಇದೆಯಾ? ಪ್ಲಂಜರಿನ ಸೀಲ್ ಹೋದರೆ ಪೆಟ್ರೋಲ್ ನೇರ ಇಂಜಿನ್ ಆಯಿಲಿಗೆ ಇಳಿಯುತ್ತದೆ, ತೆಳುವಾದ ಆಯಿಲ್ ಟರ್ಬೊ, ಬೇರಿಂಗ್ ಎಲ್ಲವನ್ನೂ ತಿನ್ನುತ್ತದೆ. ಇದು ಕಂಡರೆ ಓಡಿಸಲೇಬೇಡಿ. ಬಿಸಿ ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದಾಗ ತುಂಬ ಹೊತ್ತು ತಿರುಗಿಸಬೇಕಾಗುತ್ತಿದ್ದರೆ ಅದೂ ಒಂದು ಸುಳಿವು, ಆದರೆ ಬರೀ ಅದನ್ನೇ ನಂಬಬೇಡಿ. ಪಂಪ್ ತೆಗೆಸಿದರೆ ಕೆಳಗಿನ ಟ್ಯಾಪೆಟ್ (ಕ್ಯಾಮ್, ಪ್ಲಂಜರ್ ನಡುವಿನ ಬಿಡಿಭಾಗ), ಕ್ಯಾಮ್ ಉಬ್ಬು ಎರಡನ್ನೂ ಕಣ್ಣಾರೆ ನೋಡಿ. ಅವು ಸವೆದಿದ್ದರೆ ಪ್ಲಂಜರ್ ಪೂರ್ತಿ ಮೇಲೇರಲ್ಲ, ಹೊಸ ಪಂಪ್ ಹಾಕಿದರೂ ಅದೇ ಗೋಳು.

ಸ್ಕ್ಯಾನರ್‌ನಲ್ಲಿ ಫ್ಯೂಯಲ್ ಟ್ರಿಮ್ ಕೂಡ ನೋಡಿ, ಅಂದರೆ ಇಂಜಿನ್ ಕಂಪ್ಯೂಟರ್ ತಾನಾಗಿ ಪೆಟ್ರೋಲನ್ನು ಎಷ್ಟು ಹೆಚ್ಚುಕಮ್ಮಿ ಮಾಡುತ್ತಿದೆ ಅನ್ನೋದು. ಇ10 ಗಾಡಿಗೆ ಇ20 ಹಾಕಿದಾಗ ಅದು 4 ಪರ್ಸೆಂಟ್ ಆಸುಪಾಸು ಏರೋದು ಸಹಜ. 15, 20 ತೋರಿಸಿದರೆ ಅದು ಎಥನಾಲ್ ಒಂದರಿಂದಲೇ ಆದದ್ದಲ್ಲ.

ಬಂಕಿನ ಪೆಟ್ರೋಲ್ ಮೇಲೆ ಅನುಮಾನವಿದ್ದರೆ ಅಳತೆ ಗೆರೆಯಿರುವ ಗಾಜಿನ ಕೊಳವೆಯಲ್ಲಿ 50 ಎಂಎಲ್ ನೀರು, 50 ಎಂಎಲ್ ಪೆಟ್ರೋಲ್ ಹಾಕಿ ಕುಲುಕಿ ಬಿಡಿ. ಎಥನಾಲ್ ನೀರಿಗೆ ಸೇರಿ ಕೆಳಗಿನ ಪದರ ಏರುತ್ತದೆ. ಅದು 60ರ ಹತ್ತಿರ ನಿಂತರೆ ಇ20. ಒಲೆ, ಬೀಡಿ, ಸ್ವಿಚ್ ಯಾವುದೂ ಹತ್ತಿರ ಬೇಡ, ಹೊರಗೆ ಮಾಡಿ.

ಈಗ ನೀವು ಮಾಡಬೇಕಾದದ್ದು: ಟ್ಯೂನಿಂಗಿನವರಿಗೆ ಹೇಳಿ ಗಾಡಿಯನ್ನು ಕಂಪನಿ ಮ್ಯಾಪಿಗೆ ವಾಪಸ್ ತನ್ನಿ, ಕೋಡ್ ಅಳಿಸಿ ಎರಡು ದಿನ ಓಡಿಸಿ. ಕೋಡ್ ಬರದಿದ್ದರೆ ಕೆಟ್ಟದ್ದು ಏನೂ ಇಲ್ಲದಿರಬಹುದು, ಮ್ಯಾಪ್ ಕೇಳಿದಷ್ಟು ಕೊಡಲು ಆಗ್ತಿರಲಿಲ್ಲ ಅಷ್ಟೇ. ಬಂದರೆ ಲೋ ಪ್ರೆಶರ್ ಗೇಜ್ ಕಟ್ಟಿಸಿ, ಫಿಲ್ಟರ್ ನೋಡಿಸಿ, ಪ್ರೆಶರ್ ಸೆನ್ಸರಿನ ವೈರಿಂಗ್ ಒಮ್ಮೆ ಅಲ್ಲಾಡಿಸಿ ನೋಡಲಿ, ಪಂಪಿನ ಮಾತು ಆಮೇಲೆ. ಇಂಜಿನ್ ಓಡುತ್ತಿರುವಾಗ ಅಥವಾ ಆಗಷ್ಟೇ ಆಫ್ ಮಾಡಿದಾಗ ಹೈ ಪ್ರೆಶರ್ ಪೈಪಿನ ನಟ್ ಯಾರೂ ಸಡಿಲಿಸಬಾರದು, ಆ ಪ್ರೆಶರ್‌ನಲ್ಲಿ ಚಿಮ್ಮಿದ ಪೆಟ್ರೋಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಸ್ಕ್ಯಾನರಿನ ಗ್ರಾಫ್ ಸಿಕ್ಕರೆ ಫೋಟೊ ತೆಗೆದು ಇಲ್ಲಿ ಹಾಕಿ, ನೋಡಿ ಹೇಳ್ತೀನಿ.